ಹಲಸಿನ ಭಾನುವಾರ

24 ಮಾರ್ಚ್ 2024, ಭಾನುವಾರ

ಐದೂವರೆಗೆ ಕಾಫಿ ಬೀಜ ಹುರಿಯುವ ರೋಸ್ಟರ್ ಹಚ್ಚಿದೆ. ಎರಡನೇ ಬ್ಯಾಚ್ ಕರಕಲು. ಫೋನ್ ನೋಡುತ್ತ ನಿಂತದ್ದರ ಫಲ. ಅದನ್ನೇ ಇವತ್ತಿನ ಗದ್ದಲದಲ್ಲಿ ಹಾಲು ಜಾಸ್ತಿ ಹಾಕಿ ದಾಟಿಸಿದೆ. ಯಾರಿಗೂ ಗೊತ್ತಾಗಲಿಲ್ಲ.

ನಿನ್ನೆ ಹೂಮಳೆ ಬಿತ್ತು, ಕಾಫಿ ಹೂ ಅರಳಿಸುವ ಮಳೆ. ಹಾಗಾಗಿ ಬೆಳಿಗ್ಗೆ ಎಂಟಕ್ಕೇ ಅಂಗಡಿ ತುಂಬಿತು. ಹೊರಗಿನ ಕಪ್ಪು ಹಲಗೆಯ ಮೇಲೆ ಎಲ್ಲರೂ ಅವರವರ ತೋಟದ ಮಳೆ ಬರೆಯಬೇಕು, ಇಷ್ಟು ಇಂಚು, ಇಷ್ಟು ಸೆಂಟ್, ನೂರು ಸೆಂಟಿಗೆ ಒಂದು ಇಂಚು. ಹೆಚ್ಚು ಬಿದ್ದವರು ಎಲ್ಲರಿಗೂ ಕಾಫಿ ಕೊಡಿಸಬೇಕು. ಎರಡು ತಿಂಗಳಿಂದ ಮಳೆ ಮಳೆ ಅಂತ ಬಾಯಿ ಬಡಿದುಕೊಂಡವರೆಲ್ಲ ಇವತ್ತು ಮಳೆಯನ್ನು ಕಡಿಮೆ ಮಾಡಿ ಬರೆಯುವವರೇ! ಎಂಬತ್ತು ಎಕರೆಯ ರುದ್ರಪ್ಪನವರು ನಲವತ್ತು ಸೆಂಟ್ ಅಂತ ಬರೆದರು, ನಾಚಿಕೆಯಿಲ್ಲದೆ. ರಸ್ತೆ ತಿರುವಿನ ಮೇಲಿನ ಮನೆಯ ಬೆಳ್ಳಿಯಪ್ಪನವರು ಒಂದು ಇಂಚು ಹತ್ತು ಸೆಂಟ್ ಅಂತ ಬರೆದು ಜೇಬಿಗೆ ಕೈ ಹಾಕಿದರು. ಅವರ ತೋಟ ಎರಡೇ ಎಕರೆ.

ಕೃಷ್ಣಮ್ಮ ಅಡಿಗೆಮನೆಯಲ್ಲಿ ಅಕ್ಕಿರೊಟ್ಟಿ ತಟ್ಟಿದಳು. ವಾರವೆಲ್ಲ ರುದ್ರಪ್ಪನವರ ಎಸ್ಟೇಟಿನಲ್ಲಿ ಕೆಲಸ, ಭಾನುವಾರ ಇಲ್ಲಿ. ಎಲ್ಲ ಮುಗಿದ ಮೇಲೆ ಹಿಂದಿನ ಮೆಟ್ಟಿಲ ಮೇಲೆ ಕೂತು ಹಾಡಿದಳು. ಒಳಗೆ ಬಂದು ಕುರ್ಚಿಯಲ್ಲಿ ಕೂರು ಅಂದರೆ, "ಇಲ್ಲೇ ಗಾಳಿ ಚೆನ್ನಾಗಿದೆ ಅಕ್ಕ" ಅನ್ನುತ್ತಾಳೆ. ಎರಡು ವರ್ಷದಿಂದ ಅದೇ ಗಾಳಿ. ನಾನೂ ಹೆಚ್ಚು ಒತ್ತಾಯ ಮಾಡಿಲ್ಲ.

19 ಏಪ್ರಿಲ್, ಶುಕ್ರವಾರ

ಫಾರೆಸ್ಟ್ ಗಾರ್ಡ್ ಅನಿಲ್ ಬಂದಿದ್ದ. ಒಂಟಿ ಸಲಗವೊಂದು ಈ ಕಡೆ ಓಡಾಡುತ್ತಿದೆಯಂತೆ. ಮರದಲ್ಲಿ ಹಲಸು ಬಿಡಬೇಡಿ, ಹಣ್ಣಾಗುವ ಮೊದಲೇ ಇಳಿಸಿ, ವಾಸನೆಗೆ ಬರುತ್ತದೆ ಅಂತ ಮನೆ ಮನೆಗೆ ಹೇಳಿಕೊಂಡು ಹೊರಟಿದ್ದಾನೆ. ಎಲ್ಲರೂ ಎಳೆಯ ಕಾಯಿಗಳನ್ನೇ ಕಡಿದು ಹೂಳುತ್ತಿದ್ದಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಬೆಳ್ಳಿಯಪ್ಪ ಮಾತ್ರ ಒಪ್ಪಲಿಲ್ಲ. ಅವರದ್ದು ಚಂದ್ರ ಹಲಸು, ಕೆಂಪು ತೊಳೆ. ರಸ್ತೆ ತಿರುವಿನಲ್ಲೇ ಇದೆ ಮರ. "ಬೇರೆಲ್ಲ ಇಳಿಸ್ತೀನಿ ಕಣಪ್ಪ. ತುದೀಲಿ ನಾಕು ಇರ್ಲಿ. ಅದಕ್ಕೂ ಬಾಯಿ ಚಪಲ ಇರ್ತದೆ ಅಲ್ವ?" ಅಂದರು. ಅನಿಲ್ ತಲೆ ಚಚ್ಚಿಕೊಂಡ.

2 ಜೂನ್, ಭಾನುವಾರ

ರೂಪಶ್ರೀ ಬಂದಳು, ರುದ್ರಪ್ಪನವರ ಸೊಸೆ. ನಮ್ಮ ಅಂಗಡಿಯ ಎಲ್ಲ ಕಾರ್ಯಕ್ರಮಗಳ ಪೋಸ್ಟರ್ ಇವಳದ್ದೇ, ಐಡಿಯಾನೂ ಇವಳದ್ದೇ, ಪಾತ್ರೆ ತೊಳೆಯುವುದು ಮಾತ್ರ ನನ್ನದು. ಈ ಸಲ ಹಲಸಿನ ಭಾನುವಾರವಂತೆ. ಉಳಿದ ಹಣ್ಣನ್ನೆಲ್ಲ ಹೂಳುವ ಬದಲು ಒಂದೇ ದಿನ ಇಳಿಸಿ ಅಂಗಡಿಗೆ ತರುವುದು. ಕಡುಬು, ಮುಳಕ, ಪಾಯಸ, ಹಪ್ಪಳ, ಕಾಫಿ. ಪೋಸ್ಟರಿನ ಮೇಲೆ "ಆನೆಗೆ ಮುಂಚೆ ನಾವು!" ಒಳ್ಳೆಯ ಯೋಚನೆಯೇ. ಹೊಟ್ಟೆಗೂ ಆಯಿತು, ಊರಿಗೂ ಆಯಿತು.

ಸಿಪ್ಪೆಗೆ ಏನು ಮಾಡುವುದು ಅಂತ ಅನಿಲ್ ಕೇಳಿದ. ಹಣ್ಣಿಗಿಂತ ಸಿಪ್ಪೆ ಅಪಾಯ ಅಂದ. ತಿರುವಿನಾಚೆ, ಕಾಫಿ ಹಣ್ಣು ಸುಲಿಯುವ ಹಳೇ ಪಲ್ಪರ್ ಮನೆ ಹತ್ತಿರ ರುದ್ರಪ್ಪನವರು ಜೆಸಿಬಿಯಲ್ಲಿ ಗುಂಡಿ ತೋಡಿಸಿ ಕೊಡುತ್ತಾರೆ. ಅವತ್ತೇ ಹಾಕಿ, ಸುಣ್ಣ ಹಾಕಿ, ಮಣ್ಣು ಎಳೆಯಬೇಕು. "ಯಾರು ಮಾಡ್ತೀರಿ?" ಅಂದ. ಎಲ್ಲರೂ ಚಾವಣಿ ನೋಡಿದರು. ನಾನು ನೋಡ್ಕೋತೀನಿ ಅಂದೆ.

16 ಜೂನ್, ಭಾನುವಾರ. ಸಂಜೆ 7.30

ಕೈಯೆಲ್ಲ ಮೇಣ. ಎಷ್ಟು ಕೊಬ್ಬರಿ ಎಣ್ಣೆ ತಿಕ್ಕಿದರೂ ಪೆನ್ನಿಗೆ ಅಂಟುತ್ತಿದೆ.

ಇಷ್ಟು ಜನ ಯಾವತ್ತೂ ಬಂದಿರಲಿಲ್ಲ. ಕಳಸದಿಂದ ಕೂಡ ಬಂದಿದ್ದರು. ಮಳೆ ಸುರಿಯುತ್ತಲೇ ಇತ್ತು, ಯಾರೂ ಏಳಲಿಲ್ಲ. ಕೃಷ್ಣಮ್ಮನ ಕಡುಬು ಎರಡು ಗಂಟೆಗೇ ಖಾಲಿ. ರುದ್ರಪ್ಪನವರು ಮೂರನೇ ಸಲ ತಟ್ಟೆ ಹಿಡಿದು ಬಂದಾಗ, "ಸಾವ್ಕಾರ್ರೇ, ನಾಳೆ ಮಸ್ಟರ್‌ ಹಾಜರಿಗೆ ನಂಗೆ ಲೇಟಾದ್ರೆ ನೀವೇ ಜವಾಬ್ದಾರಿ" ಅಂದಳು. ಎಲ್ಲರೂ ನಕ್ಕರು. ಅವಳ ಮಗ ಧರ್ಮೇಶ್ ಪಿಕಪ್ಪಿನಲ್ಲಿ ಹಣ್ಣು ಸಾಗಿಸಿ ಸಾಗಿಸಿ ಸುಸ್ತಾಗಿದ್ದ. ಸಂಜೆ ಬಾಡಿಗೆ ಇದೆ ಅಂತ ಅಮ್ಮನನ್ನು ಕರೆದುಕೊಂಡು ಹೊರಟ. ಕಡುಬಿನ ದೊಡ್ಡ ಪಾತ್ರೆ ಇಲ್ಲೇ ಉಳಿಯಿತು, ನಾಳೆ ಕೆಲಸಕ್ಕೆ ಹೋಗುವ ಮೊದಲು ಬಂದು ಒಯ್ಯುತ್ತಾಳಂತೆ.

ಆರು ಗಂಟೆಗೆ ಎಲ್ಲರೂ ಖಾಲಿ. ಸಿಪ್ಪೆ, ಗೂಂಜು, ಬೀಜ ಎಲ್ಲ ಜೀಪಿಗೆ ತುಂಬಿದೆ, ಒಬ್ಬಳೇ. ಹನ್ನೊಂದು ಚೀಲ. ತಿರುವು ದಾಟಿದರೆ ಪಲ್ಪರ್ ಮನೆಯ ದಾರಿ ಪೂರಾ ಕೆಸರು. ಇಳಿಸಿದರೆ ಜೀಪು ಹೂತುಹೋಗುವುದು ಗ್ಯಾರಂಟಿ, ಎಳೆಯಲು ಯಾರೂ ಇಲ್ಲ. ತಿರುವಿನ ಕೆಳಗೆ, ಪೊದೆಯ ಮರೆಯಲ್ಲಿ ಸುರಿದು ಬಂದೆ. ಬೆಳಿಗ್ಗೆ ಇಬ್ಬರನ್ನು ಕಳಿಸಿ ಗುಂಡಿಗೆ ಹಾಕಿಸಿದರಾಯಿತು. ಒಂದು ರಾತ್ರಿಯಲ್ಲಿ ಏನಾಗುತ್ತದೆ.

ಬೆನ್ನು ಬಿದ್ದುಹೋಗಿದೆ. ಆದರೆ ಖುಷಿಯಾಗಿದ್ದೇನೆ. ನಿಜವಾಗಿ.

17 ಜೂನ್, ಸೋಮವಾರ. ಬೆಳಿಗ್ಗೆ 7.15

ಧರ್ಮೇಶ್ ಫೋನ್ ಮಾಡಿದ. ಮಾತು ಅರ್ಥವಾಗಲಿಲ್ಲ. ಬರೀ ಅಮ್ಮ ಅಮ್ಮ ಅಂತ

ಮಧ್ಯಾಹ್ನ 4

ಕೃಷ್ಣಮ್ಮ ಇಲ್ಲ.

ತಿರುವಿನಲ್ಲಿ, ಆರೂಕಾಲಿಗೆ. ಪಾತ್ರೆ ತೆಗೆದುಕೊಂಡು ಹೋಗಲು ಇಲ್ಲಿಗೇ ಬರುತ್ತಿದ್ದಳು. ಮಳೆಯ ಸದ್ದಿಗೆ ಆನೆ ಇದ್ದದ್ದು ಕೇಳಿಸಿರಲಿಕ್ಕಿಲ್ಲ. ಕೊಡೆ ಬೇರೆ.

ನಾನು ಹೋಗುವಷ್ಟರಲ್ಲಿ ಜನ ಸೇರಿದ್ದರು. ಪೊದೆಯ ಕಡೆ ನೋಡಿದೆ. ಸಿಪ್ಪೆ ಒಂದೂ ಇಲ್ಲ. ಎಲ್ಲ ತಿಂದಿದೆ. ತುಳಿದ ಕೆಸರು, ಅದರ ಮೇಲೆ ನೀರು. ಬೆಳ್ಳಿಯಪ್ಪನವರ ಮರದ ಕೆಳಗೆ ಒಂದು ಹಣ್ಣು ಬಿದ್ದು ಒಡೆದಿತ್ತು. ಎಲ್ಲರೂ ಅದನ್ನೇ ನೋಡುತ್ತಿದ್ದರು. ನಾನೂ ಅದನ್ನೇ ನೋಡಿದೆ.

18 ಜೂನ್, ಮಂಗಳವಾರ

ಮಣ್ಣು ಮಾಡಿ ಬಂದೆವು. ದಾರಿಯಲ್ಲಿ ರೂಪಶ್ರೀ ಕೇಳಿದಳು, "ಸಿಪ್ಪೆ ಎಲ್ಲ ಗುಂಡಿಗೆ ಹೋಯ್ತಲ್ಲ ಭುವನಕ್ಕ?"

ಹೋಯ್ತು ಅಂದೆ.

ಯೋಚನೆ ಮಾಡಿ ಹೇಳಿದ್ದಲ್ಲ. ಬಾಯಿಗೆ ಬಂತು. "ಮಣ್ಣು ಎಳೆಸಿದ್ರಾ?" ಅಂತ ಅನಿಲ್ ಹಿಂದಿನಿಂದ. ಎಳೆಸಿದೆ ಅಂದೆ.

19 ಜೂನ್, ಬುಧವಾರ. ಬೆಳಿಗ್ಗೆ

ಸಲಿಕೆ ತೆಗೆದುಕೊಂಡು ನಡೆದೇ ಹೋದೆ. ಖಾಲಿ ಗುಂಡಿಗೆ ಸುಣ್ಣ ಹಾಕಿ ಮಣ್ಣು ಎಳೆದೆ. ಎರಡೂವರೆ ಗಂಟೆ ಹಿಡಿಯಿತು. ಭಾನುವಾರ ಇಷ್ಟು ಮಾಡಿದ್ದರೆ ಅವಳು ಬದುಕಿರುತ್ತಿದ್ದಳು. ಇದನ್ನು ಎಷ್ಟು ಸಲ ಬರೆದರೂ ಅಷ್ಟೇ. ಥೂ ನನ್ನ ಜನ್ಮಕ್ಕೆ.

30 ಜೂನ್, ಭಾನುವಾರ

ಅಂಗಡಿಯಲ್ಲೇ ಶ್ರದ್ಧಾಂಜಲಿ ಸಭೆ. ಕೃಷ್ಣಮ್ಮನ ಫೋಟೋ ಮುಂದಿನ ಟೇಬಲ್ಲಿನ ಮೇಲೆ ಇಟ್ಟರು. ಎರಡು ವರ್ಷ ಅಂಗಡಿಯ ಹಿಂದಿನ ಮೆಟ್ಟಿಲ ಮೇಲೆ ಕೂತವಳು.

ಎರಡು ನಿಮಿಷ ಮೌನ. ಆಮೇಲೆ ಮಾತು ಶುರು. ಇಷ್ಟು ಸಲ ಹೇಳಿದರೂ ಹಣ್ಣು ಇಳಿಸದಿದ್ದವರು ಯಾರು? ಬೆಳ್ಳಿಯಪ್ಪ ಮೂಲೆಯಲ್ಲಿ ಕೂತಿದ್ದರು, ಟೋಪಿ ಮಡಿಲಲ್ಲಿ ಇಟ್ಟುಕೊಂಡು. ರುದ್ರಪ್ಪನವರು, "ನಿಮ್ಮ ಬಾಯಿ ಚಪಲಕ್ಕೆ ಒಂದು ಜೀವ ಹೋಯ್ತಲ್ರೀ" ಅಂದರು. ಬೆಳ್ಳಿಯಪ್ಪ ತಲೆ ಎತ್ತಿ ಒಂದು ಸಲ ನನ್ನ ಕಡೆ ನೋಡಿದರು, ಅಷ್ಟೇ. ಧರ್ಮೇಶ್ ಎದ್ದು ಅವರ ಹತ್ತಿರ ಹೋದ. ಹೊಡೆಯುತ್ತಾನೆ ಅಂದುಕೊಂಡೆ. "ನಾಕು ಹಣ್ಣು, ಅಜ್ಜ" ಅಂದ. ಅಷ್ಟೇ ಹೇಳಿ ಹೊರಗೆ ಹೋದ.

ಮರ ಕಡಿಸಬೇಕು ಅಂತ ತೀರ್ಮಾನವಾಯಿತು. ನಾನು ಕಾಫಿ ಕೊಡುತ್ತಿದ್ದೆ. ಬಾಯಿ ತೆರೆಯಲು ಮೂರು ಸಲವಾದರೂ ಸಮಯವಿತ್ತು. ಒಂದೊಂದು ಸಲವೂ ಇನ್ನೊಬ್ಬರಿಗೆ ಸಕ್ಕರೆ ಬೇಕಾಯಿತು.

11 ಆಗಸ್ಟ್, ಭಾನುವಾರ

ಮಳೆ ಬಿಟ್ಟಿಲ್ಲ. ಈ ತಿಂಗಳು ಇಲ್ಲಿಯವರೆಗೆ ನಲವತ್ತೊಂದು ಇಂಚು. ಹಲಗೆಯ ಮೇಲೆ ಬೆಳ್ಳಿಯಪ್ಪನವರ ಹೆಸರಿನ ಮುಂದೆ ಖಾಲಿ. ಸಭೆಯ ನಂತರ ಅವರು ಬಂದಿಲ್ಲ. ಅವರ ಹೆಂಡತಿ ಶಂಕರಮ್ಮ ಸೊಸೈಟಿಗೆ ಹೋದರೆ ಸಾಲಿನಲ್ಲಿ ಯಾರೂ ಮಾತಾಡಿಸುವುದಿಲ್ಲವಂತೆ. ರೂಪಶ್ರೀ ಅದನ್ನು ಹೇಳಿದ ರೀತಿ ನೋಡಬೇಕು, ಒಳ್ಳೆಯ ಸುದ್ದಿ ಹೇಳಿದ ಹಾಗೆ.

ತಿರುವಿನಲ್ಲಿ ಜೀಪು ನಿಲ್ಲಿಸಿದೆ. ಪೊದೆಯ ಹತ್ತಿರ ಹಲಸಿನ ಸಸಿಗಳು ಎದ್ದಿವೆ. ನಾನು ಸುರಿದ ಬೀಜ, ಆನೆ ತುಳಿದು ಕೆಸರಿಗೆ ಹೂತದ್ದು. ಗೇಣುದ್ದ, ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ಎಲೆ, ಒತ್ತೊತ್ತಾಗಿ, ಒಂದೇ ಕಡೆ. ಯಾರಾದರೂ ಬಗ್ಗಿ ನೋಡಿದರೆ ಇದು ಮರದಿಂದ ಬಿದ್ದದ್ದಲ್ಲ ಅಂತ ಗೊತ್ತಾಗುತ್ತದೆ. ಕೂತು ಒಂದೊಂದೇ ಕಿತ್ತೆ. ಉಂಬಳ ಕಾಲಿಗೆ ಹತ್ತಿದ್ದೂ ತಿಳಿಯಲಿಲ್ಲ, ಮನೆಗೆ ಬಂದ ಮೇಲೆ ಸಾಕ್ಸ್ ಪೂರ್ತಿ ರಕ್ತ.

8 ಸೆಪ್ಟೆಂಬರ್, ಭಾನುವಾರ

ಬೆಳಿಗ್ಗೆ ಹತ್ತರಿಂದ ಮೆಷಿನ್ ಗರಗಸದ ಸದ್ದು. ಅಂಗಡಿಗೆ ಕೇಳಿಸುತ್ತಿತ್ತು. ಗಿರಾಕಿಗಳು ಮಾತು ನಿಲ್ಲಿಸಿ ಕೇಳುತ್ತಿದ್ದರು. ಹನ್ನೆರಡಕ್ಕೆ ನಿಂತಿತು. "ಆಯ್ತು" ಅಂದರು ಯಾರೋ. ಇನ್ನೊಂದು ಕಾಫಿ ಕೇಳಿದರು.

ಅರವತ್ತು ವರ್ಷದ ಮರವಂತೆ. ಬೆಳ್ಳಿಯಪ್ಪನವರ ತಾಯಿ ನೆಟ್ಟದ್ದು.

15 ಡಿಸೆಂಬರ್, ಭಾನುವಾರ

ಬರೆಯದೆ ಮೂರು ತಿಂಗಳಾಯಿತು. ಬರೆಯಲು ಇದ್ದದ್ದು ಒಂದೇ ಮಾತು, ಅದನ್ನು ಬರೆಯಲು ಇಷ್ಟವಿರಲಿಲ್ಲ.

ಇವತ್ತು ಹೊಸ ಫಸಲಿನ ರುಚಿ ನೋಡುವ ದಿನ. ಪ್ರತಿ ತೋಟದಿಂದ ಒಂದು ಪೊಟ್ಟಣ. ಹೆಸರಿಲ್ಲ, ಬರೀ ನಂಬರ್. ಹೆಸರಿನ ಪಟ್ಟಿ ನನ್ನೊಬ್ಬಳ ಹತ್ತಿರ. ಸಾಲಾಗಿ ಲೋಟ ಇಟ್ಟು, ಚಮಚದಲ್ಲಿ ಹೀರಿ, ಮಾರ್ಕ್ ಹಾಕುವುದು. ಏಳನೇ ನಂಬರಿಗೆ ಎಲ್ಲರೂ ತಲೆದೂಗಿದರು. ರುದ್ರಪ್ಪನವರು ಎರಡು ಸಲ ಹೀರಿ, "ಇದು ನಂದೇ ಇರ್ಬೇಕು" ಅಂದರು.

ಪಟ್ಟಿ ತೆರೆದೆ. ಬೆಳ್ಳಿಯಪ್ಪ. ಶಂಕರಮ್ಮ ಗುರುವಾರ ಬಂದು ಸದ್ದಿಲ್ಲದೆ ಕೊಟ್ಟು ಹೋಗಿದ್ದರು. "ಅವ್ರಿಗೆ ಗೊತ್ತಿಲ್ಲ, ಗೆದ್ರೆ ಹೇಳ್ತೀನಿ" ಅಂದಿದ್ದರು.

ಹೆಸರು ಓದಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ರುದ್ರಪ್ಪನವರು ಚಮಚವನ್ನು ನೀರಿನ ಲೋಟಕ್ಕೆ ಬಿಟ್ಟು ಕೈ ಒರೆಸಿಕೊಂಡರು. ರೂಪಶ್ರೀ ನನ್ನ ಕಿವಿಯಲ್ಲಿ, "ಎರಡನೇದನ್ನೇ ಫಸ್ಟ್ ಅಂತ ಮಾಡ್ಬಿಡಿ ಅಕ್ಕ, ಧರ್ಮೇಶ್ ಎದುರಿಗೆ ಚೆನ್ನಾಗಿರಲ್ಲ" ಅಂದಳು. ಧರ್ಮೇಶ್ ಬಾಗಿಲ ಹತ್ತಿರ ಸಿಲಿಂಡರ್ ಇಳಿಸುತ್ತಿದ್ದ. ಅಮ್ಮ ಹೋದ ಮೇಲೆ ಭಾನುವಾರಗಳಂದು ಅವನೇ ಬಂದು ಏನಾದರೂ ಮಾಡಿ ಹೋಗುತ್ತಾನೆ. ಬೇಡ ಅಂದರೂ ಕೇಳುವುದಿಲ್ಲ. "ಅಮ್ಮನ ಜಾಗ ಅಲ್ವಾ ಅಕ್ಕ" ಅನ್ನುತ್ತಾನೆ. ಆ ಮಾತು ಕೇಳಿದಾಗೆಲ್ಲ ಒಳಗೆ ಹೋಗಿ ಏನಾದರೂ ತೊಳೆಯುತ್ತೇನೆ.

ಎರಡನೆಯದನ್ನೇ ಮೊದಲನೆಯದು ಮಾಡಿದೆ. ನಾನೇ, ನನ್ನ ಕೈಯಾರೆ. ಏಳನೇ ಸಾಲಿನ ಮೇಲೆ ಗೀಟು ಎಳೆದೆ.

23 ಮಾರ್ಚ್ 2025, ಭಾನುವಾರ. ಮಧ್ಯಾಹ್ನ

ಹೂಮಳೆ ಬಿದ್ದು ಹತ್ತು ದಿನ. ಅಂಗಡಿಗೆ ಬೀಗ ಹಾಕಿ ಬೆಳ್ಳಿಯಪ್ಪನವರ ಮನೆಗೆ ಹೋದೆ. ಗಿರಾಕಿಗಳು ಬಂದು ವಾಪಸು ಹೋಗಿರಬೇಕು, ಹೋಗಲಿ.

ಇಡೀ ಗುಡ್ಡ ಬೆಳ್ಳಗೆ ಹೂ. ಅವರು ಕಣದಲ್ಲಿ ಕೂತು ಬುಟ್ಟಿ ಹೆಣೆಯುತ್ತಿದ್ದರು. ಇಳಿದುಹೋಗಿದ್ದಾರೆ. ಶಂಕರಮ್ಮ ಕಾಫಿ ತಂದಿಟ್ಟು ಒಳಗೆ ಹೋದರು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತು ಹೋಯಿತು. ಸಿಪ್ಪೆ ಸುರಿದದ್ದು ನಾನು ಅಂದೆ. ಅಷ್ಟೇ ಬಂತು.

"ಗೊತ್ತು" ಅಂದರು.

ಕೈ ನಿಲ್ಲಿಸಲಿಲ್ಲ. ಬೆತ್ತ ಬಗ್ಗಿಸುತ್ತಲೇ ಇದ್ದರು. "ಇಲ್ಲೇ ನಿಂತಿದ್ದೆ ಅವತ್ತು. ನಿನ್ನ ಜೀಪು ಬಂತು. ಸುರಿಯೋದೂ ಕಾಣ್ತು. ಕೂಗ್ಬೇಕು ಅನ್ನಿಸ್ತು ಮಾರಾಯ್ತಿ. ಆಮೇಲೆ, ಪಾಪ, ಮಳೇಲಿ ಒಬ್ಳೇ ಒದ್ದಾಡ್ತಿದಾಳೆ, ಬೆಳಿಗ್ಗೆ ನಾನೇ ಬುಟ್ಟೀಲಿ ಹೊತ್ತು ಹಾಕಿದ್ರಾಯ್ತು ಅಂದ್ಕೊಂಡೆ. ಬುಟ್ಟಿ ಹಿಡ್ಕೊಂಡು ಇಳಿದೆ ಕೂಡ. ಅದು ಆಗ್ಲೇ ನಿಂತಿತ್ತು. ಅವ್ಳು ಆ ಕಡೆಯಿಂದ ಬರ್ತಿದ್ಲು. ಕೂಗಿದೆ. ಆ ಮಳೇಲಿ ಎಂತ ಕೇಳ್ತದೆ."

ಮತ್ತೆ ಯಾಕೆ ಹೇಳಲಿಲ್ಲ, ಮರ ಕಡಿಸಿಕೊಂಡಿರಲ್ಲ ಅಂದೆ. ಅಳುತ್ತಿದ್ದೆ ಅನ್ನಿಸುತ್ತದೆ.

"ಹೇಳಿದ್ರೆ, ಕಂಡೂ ಯಾಕೆ ಸುಮ್ನಿದ್ದೆ ಅಂತ ಕೇಳ್ತಾರಲ್ಲ. ತಪ್ಪು ಮರದ ಮೇಲೆ ಬಂತು, ಬರ್ಲಿ ಅಂದ್ಕೊಂಡೆ." ಬೆತ್ತದ ತುದಿ ಒಳಗೆ ಸಿಕ್ಕಿಸಿ, "ನೀನು ಹೇಳ್ತೀಯ ಅಂತ್ಲೂ ಕಾದೆ. ಅವತ್ತು ಸಭೇಲಿ ಕಾದೆ. ಮರ ಬೀಳೋ ದಿನ ಕಾದೆ."

ಇನ್ನಾದರೂ ಹೇಳುತ್ತೇನೆ, ಎಲ್ಲರ ಎದುರಿಗೆ ಅಂದೆ.

"ನೀನು ಮೊದ್ಲು ಹೇಳು. ಆಮೇಲೆ ನಂದು ನಾನು ಹೇಳ್ತೀನಿ. ನಾನೇ ಮೊದ್ಲು ಬಾಯಿ ಬಿಟ್ರೆ ಚಾಡಿ ಹೇಳಿದ ಹಾಗೆ ಆಗ್ತದೆ."

ಕಾಫಿ ಆರಿ ಹೋಗಿತ್ತು. ಕುಡಿದೆ. ಡಿಸೆಂಬರಿನ ಏಳನೇ ನಂಬರ್. ಗೀಟು ಎಳೆದದ್ದನ್ನೂ ಹೇಳಬೇಕಿತ್ತು, ಹೇಳಲಿಲ್ಲ.

1 ಜೂನ್, ಭಾನುವಾರ

ಎರಡು ತಿಂಗಳು. ಮುಂದಿನ ಭಾನುವಾರ, ಮುಂದಿನ ಭಾನುವಾರ ಅಂತ. ಒಂದು ವಾರ ಜನ ಕಡಿಮೆ ಇದ್ದರು, ಒಂದು ವಾರ ಹೆಚ್ಚು ಇದ್ದರು, ಒಂದು ವಾರ ಪ್ರವಾಸಿಗರು. ನೆಪಕ್ಕೆ ಬರವೇ?

ಧರ್ಮೇಶ್ ಬಂದಿದ್ದ. ಅಮ್ಮ ಹೋಗಿ ವರ್ಷವಾಗುತ್ತ ಬಂತು, ಹದಿನೈದಕ್ಕೆ ಇಲ್ಲೇ ಸಣ್ಣದಾಗಿ ಏನಾದರೂ ಮಾಡೋಣ ಅಂದ. "ಬೆಳ್ಳಿಯಪ್ಪಜ್ಜನ್ನೂ ಕರ್ದಿದೀನಿ ಅಕ್ಕ. ಪಾಪ, ವಯಸ್ಸಾಯ್ತು. ಎಷ್ಟು ದಿನ ಸಿಟ್ಟು ಇಟ್ಕೊಳ್ಳೋದು. ನೀವೂ ಎರಡು ಮಾತು ಆಡ್ಬೇಕು." ಆಗಲಿ ಅಂದೆ. ಅವನು ಕ್ಷಮಿಸಲು ಹೊರಟಿದ್ದಾನೆ, ತಪ್ಪು ಮನುಷ್ಯನನ್ನು. ಹದಿನೈದು. ಇನ್ನು ನೆಪವಿಲ್ಲ.

15 ಜೂನ್, ಭಾನುವಾರ. ಮಧ್ಯಾಹ್ನ 3.40

ಎಲ್ಲರೂ ಹೋದರು. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಬೆಳ್ಳಿಯಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು, ಶಂಕರಮ್ಮನ ಜೊತೆ. ಮೊದಲು ಯಾರೂ ಜಾಗ ಬಿಡಲಿಲ್ಲ. ಧರ್ಮೇಶ್ ಎದ್ದು ತನ್ನ ಕುರ್ಚಿ ಕೊಟ್ಟ. ಮೈಕ್ ನನ್ನ ಕೈಗೆ ಕೊಟ್ಟ.

ಕೃಷ್ಣಮ್ಮನ ಕೈರುಚಿಯ ಬಗ್ಗೆ ಮಾತಾಡಿದೆ. ಹಾಡಿನ ಬಗ್ಗೆ ಮಾತಾಡಿದೆ. ಅವಳ ಆತ್ಮಕ್ಕೆ ಶಾಂತಿ ಸಿಗಲಿ ಅಂದೆ. ಮೈಕ್ ವಾಪಸು ಕೊಟ್ಟೆ. ಇಷ್ಟೇ ಮಾಡಿದ್ದು ನಾನು. ಬೆಳ್ಳಿಯಪ್ಪ ನನ್ನನ್ನೇ ನೋಡುತ್ತಿದ್ದರು. ನಾನು ಟ್ರೇ ತೆಗೆದುಕೊಂಡೆ.

ಅವರು ಎದ್ದರು. ಮೈಕ್ ಬೇಡ ಅಂದರು. "ಅವತ್ತು ಆನೆ ಬಂದಿದ್ದು ನನ್ನ ಮರಕ್ಕಲ್ಲ. ಕೆಳಗೆ ಪೊದೇಲಿ ಹಲಸಿನ ಸಿಪ್ಪೆ ರಾಶಿ ಬಿದ್ದಿತ್ತು. ಹಿಂದಿನ ಸಂಜೆನೇ ನಾನು ನೋಡಿದ್ದೆ. ತೆಗೀಲಿಲ್ಲ. ಬೆಳಿಗ್ಗೆ ತೆಗಿಯೋಣ ಅಂತ ಬಿಟ್ಟೆ. ನಿನ್ನಮ್ಮನ್ನ ಕೊಂದಿದ್ದು ಅದು ಕಣೋ ಧರ್ಮೇಶ. ನಂಗೆ ಕ್ಷಮೆ ಬೇಡ, ಹೇಳ್ಬೇಕಿತ್ತು, ಹೇಳ್ದೆ."

ಧರ್ಮೇಶ್, "ಯಾರು ಸುರಿದಿದ್ದು ಅಜ್ಜ?" ಅಂದ.

ಬೆಳ್ಳಿಯಪ್ಪ ಯಾರನ್ನೂ ನೋಡಲಿಲ್ಲ. ನೆಲ ನೋಡಿದರು. "ಗೊತ್ತಿಲ್ಲ" ಅಂದರು.

ಟ್ರೇಯಲ್ಲಿ ಹನ್ನೆರಡು ಲೋಟ ಇದ್ದವು. ಒಂದೂ ಅಲುಗಲಿಲ್ಲ. ಅದೇ ನನಗೆ ಹೇಸಿಗೆ.

ಎಲ್ಲರೂ ಮೆಲ್ಲಗೆ ಎದ್ದು ಹೋದರು. ರೂಪಶ್ರೀ ಹೋಗುವಾಗ ನನ್ನ ಮುಖ ನೋಡಲಿಲ್ಲ. ಆ ಭಾನುವಾರ ಊರಲ್ಲಿ ಅಷ್ಟು ಸಿಪ್ಪೆ ಇದ್ದದ್ದು ಒಂದೇ ಕಡೆ. ಲೆಕ್ಕ ಹಾಕಲು ಎಷ್ಟು ಹೊತ್ತು ಬೇಕು?

ಧರ್ಮೇಶ್ ಹೋಗಿಲ್ಲ. ಹೊರಗಿನ ಬೆಂಚಿನ ಮೇಲೆ ಕೂತಿದ್ದಾನೆ. ಕುರ್ಚಿಗಳನ್ನೆಲ್ಲ ಮಡಚಿ ಇಟ್ಟ, ನೆಲ ಒರೆಸಿದ, ಆಮೇಲೆ ಕೂತ. "ಅಕ್ಕ, ಒಂದು ಮಾತು ಕೇಳ್ಬೇಕಿತ್ತು" ಅಂದ. ಲೋಟ ತೊಳೆದು ಬರುತ್ತೇನೆ ಅಂದೆ. ಲೋಟ ಹಾಗೇ ಇವೆ. ಇಲ್ಲಿ ಕೂತು ಬರೆಯುತ್ತಿದ್ದೇನೆ.

ಗುಂಡಿಗೆ ಹಾಕಿಸಿದ್ದೆ ಅಂದರೆ ಈಗಲೂ ನಂಬುತ್ತಾನೆ. ಅವನಿಗೆ ನಂಬಬೇಕಾಗಿದೆ. ನನ್ನ ಮುಖ ನೋಡಿದರೆ ಸಾಕು, ನಂಬಿಬಿಡುತ್ತಾನೆ, ಮುಂದಿನ ಭಾನುವಾರ ಮತ್ತೆ ಸಿಲಿಂಡರ್ ಇಳಿಸುತ್ತಾನೆ, ಅಕ್ಕ ಅನ್ನುತ್ತಾನೆ.

ಬಾಗಿಲು ತಟ್ಟುತ್ತಿದ್ದಾನೆ. ಜೋರಾಗಿ ಅಲ್ಲ. ಬರ್ತೀನಿ ಅಂದೆ.

ಬಾಗಿಲು ತೆಗೆದ ತಕ್ಷಣ, ಅವನು ಕೇಳುವ ಮೊದಲೇ ಹೇಳುತ್ತೇನೆ, ಸಿಪ್ಪೆ ಸುರಿದದ್ದು ನಾನು.